ಕೋಲು ಕೈ ಬದಲಾದಾಗ

1946ರ ಬೇಸಿಗೆ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯೂ ಬ್ರಿಟನ್ ಎಂಬ ಊರಿನ ಶಿಕ್ಷಕರ ಕಾಲೇಜಿನಲ್ಲಿ ಎರಡು ವಾರಗಳ ಶಿಬಿರ ನಡೆದಿತ್ತು. ಬಂದಿದ್ದ ನಲವತ್ತು ಚಿಲ್ಲರೆ ಶಿಬಿರಾರ್ಥಿಗಳಲ್ಲಿ ಹೆಚ್ಚಿನವರು ಮೇಷ್ಟ್ರುಗಳು, ಸಮಾಜ ಕಾರ್ಯಕರ್ತರು. ಬಿಳಿಯರ ಜೊತೆಗೆ ಕಪ್ಪು ಜನರೂ ಯಹೂದಿಗಳೂ ಇದ್ದರು. ಬಣ್ಣದ, ಧರ್ಮದ ಹೆಸರಿನ ಹಗೆಯನ್ನು ತಂತಮ್ಮ ಊರಿನಲ್ಲಿ ತಗ್ಗಿಸುವುದು ಹೇಗೆಂದು ಕಲಿಯಲು ಬಂದವರು ಅವರು. ಹಗಲು ಸಣ್ಣ ಸಣ್ಣ ಗುಂಪುಗಳಲ್ಲಿ ಚರ್ಚೆ. ಪ್ರತಿ ಗುಂಪಿನ ಬದಿಯಲ್ಲೂ ಒಬ್ಬ ವೀಕ್ಷಕ ಕೂತು, ಯಾರು ಏನಂದರು, ಯಾರು ಯಾರ ಮಾತನ್ನು ತುಂಡರಿಸಿದರು ಎಂದು ಬರೆದುಕೊಳ್ಳುತ್ತಿದ್ದ. ಸಂಜೆ ಶಿಬಿರಾರ್ಥಿಗಳು ಹೊರಟ ಮೇಲೆ ಸಂಶೋಧಕರು ತಮ್ಮಷ್ಟಕ್ಕೆ ಕೂತು ಆ ಟಿಪ್ಪಣಿಗಳನ್ನು ಓದಿ ಚರ್ಚಿಸುವುದು ವಾಡಿಕೆ.

ಒಂದು ಸಂಜೆ, ಕಾಲೇಜಿನ ಆವರಣದಲ್ಲೇ ಉಳಿದುಕೊಂಡಿದ್ದ ಮೂವರು ಶಿಬಿರಾರ್ಥಿಗಳು ಬಂದು ತಾವೂ ಕೂತು ಕೇಳಬಹುದೇ ಎಂದು ವಿಚಾರಿಸಿದರು. ಸಂಶೋಧಕರಿಗೆ ಇರುಸುಮುರುಸು. ರೋಗಿಯ ಎದುರೇ ವೈದ್ಯರು ರೋಗದ ಚರ್ಚೆ ಮಾಡಿದಂತಾಗುತ್ತದಲ್ಲ! ಆದರೆ ಮುಖ್ಯಸ್ಥರಾದ ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ ಒಪ್ಪಿಬಿಟ್ಟರು. ಸ್ವಲ್ಪ ಹೊತ್ತಿನಲ್ಲೇ, ಆ ಮೂವರಲ್ಲಿ ಒಬ್ಬರಾದ ಹೆಂಗಸು ಬೆಳಿಗ್ಗೆ ಗುಂಪಿನಲ್ಲಿ ನಡೆದುಕೊಂಡ ಬಗೆಯನ್ನು ವೀಕ್ಷಕ ವಿವರಿಸತೊಡಗಿದ. ಆಕೆ ತಡೆದರು. ನಡೆದದ್ದು ಹಾಗಲ್ಲ, ನನಗೆ ಅನ್ನಿಸಿದ್ದೇ ಬೇರೆ ಎಂದರು. ವೀಕ್ಷಕ ತನ್ನ ಟಿಪ್ಪಣಿಯನ್ನು ಬಿಟ್ಟುಕೊಡಲಿಲ್ಲ. ಉಳಿದ ಇಬ್ಬರೂ ಸೇರಿಕೊಂಡರು. ಕೋಣೆ ಬಿಸಿಯಾಯಿತು. ಲೆವಿನ್ ಮುಖದಲ್ಲಿ ಮಾತ್ರ ಗಾಬರಿಯ ಬದಲು ನಿಧಿ ಕಂಡವನ ಹಿಗ್ಗು.

ಮರುದಿನ ಸಂಜೆ ಇನ್ನಷ್ಟು ಜನ ಬಂದರು. ಕೆಲವೇ ದಿನಗಳಲ್ಲಿ ಬಹುಪಾಲು ಶಿಬಿರಾರ್ಥಿಗಳು ಸಂಜೆಯ ಆ ಸಭೆಗೆ ಹಾಜರಾಗತೊಡಗಿದರು. ಹಗಲಿನ ಚರ್ಚೆಗಿಂತ, ಆ ಚರ್ಚೆಯಲ್ಲಿ ತಾವು ಹೇಗಿದ್ದೆವು ಎಂಬ ರಾತ್ರಿಯ ಮಾತೇ ಅವರನ್ನು ಹಿಡಿದಿಟ್ಟಿತು.

ಗುಂಪನ್ನು ನಡೆಸುವುದು ಒಂದು ವಿದ್ಯೆ, ಅದರಿಂದ ಮನುಷ್ಯನ ಅರಿವು ಹಿಗ್ಗಬಲ್ಲದು ಎಂಬ ಆಧುನಿಕ ನಂಬಿಕೆಯ ಜಾಡು ಹಿಡಿದು ಹಿಂದಕ್ಕೆ ಹೋದರೆ ದಾರಿ ಈ ಕೋಣೆಯ ಹತ್ತಿರ ಬಂದು ಮುಟ್ಟುತ್ತದೆ. ಕನ್ನಡದಲ್ಲಿ ಗುಂಪಿನ ಮಾತು ಬಂದರೆ ಭಾಷಣಕಾರರು ಮೊದಲು ಅನುಭವ ಮಂಟಪಕ್ಕೆ ಕೈಮುಗಿಯುವುದು ರೂಢಿ. ಆ ದೊಡ್ಡ ಹೆಸರನ್ನು ಇಲ್ಲಿ ಎಳೆದು ತರುವುದು ಬೇಡ. ಈ ಕಥೆಗೆ ಅದರದ್ದೇ ಆದ ಊರು, ಕಾಲ, ಗಾಯಗಳಿವೆ.

ಲೆವಿನ್ ಹುಟ್ಟಿದ್ದು 1890ರಲ್ಲಿ, ಈಗಿನ ಪೋಲೆಂಡಿನಲ್ಲಿರುವ ಮೊಗಿಲ್ನೊ ಎಂಬಲ್ಲಿ, ಯಹೂದಿ ಕುಟುಂಬದಲ್ಲಿ. ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ ಅವರ ನಿಜವಾದ ತರಗತಿ ನಡೆಯುತ್ತಿದ್ದುದು ಎದುರಿನ ಕಾಫಿ ಹೋಟೆಲಿನಲ್ಲಿ. ವಿದ್ಯಾರ್ಥಿಗಳು ಗಂಟೆಗಟ್ಟಲೆ ಕೂತು ಹರಟುವರು. ಮಾಣಿ ಒಂದು ಚೀಟಿಯೂ ಬರೆದುಕೊಳ್ಳದೆ ಯಾರು ಏನು ತಿಂದರು ಎಂದು ಒಪ್ಪಿಸಬಲ್ಲವನಾಗಿದ್ದ; ಬಿಲ್ಲು ಪಾವತಿಯಾದ ಮೇಲೆ ಕೇಳಿದರೆ ಎಲ್ಲ ಮರೆತಿರುತ್ತಿದ್ದ. ಮುಗಿಯದ ಕೆಲಸ ಮನಸ್ಸಿನಲ್ಲಿ ಕೊರೆಯುತ್ತಿರುತ್ತದೆ ಎಂಬ, ಅವರ ಶಿಷ್ಯೆ ಬ್ಲೂಮಾ ಝೈಗಾರ್ನಿಕ್ 1927ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಯೋಗದ ಹಿಂದೆ ಈ ಮಾಣಿಯ ಕಥೆ ಇದೆ. ಹರಟೆಯ ಮೇಜಿನಲ್ಲಿ ವಿದ್ಯೆ ಹುಟ್ಟುತ್ತದೆ ಎಂಬುದು ಲೆವಿನ್‌ಗೆ ಆಗಲೇ ಮನವರಿಕೆಯಾಗಿತ್ತು. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದಾಗ ಅವರು ದೇಶ ಬಿಟ್ಟರು. ಅವರ ತಾಯಿ ನಾತ್ಸಿಗಳ ಮರಣಶಿಬಿರದಲ್ಲಿ ಸತ್ತರು. ಸಾಮಾನ್ಯ ಜನ ಗುಂಪಾದಾಗ ಯಾಕೆ ಹೀಗಾಗುತ್ತಾರೆ, ಹಾಗಾಗದಂತೆ ಗುಂಪು ನಡೆಸಲು ಬರುತ್ತದೆಯೇ ಎಂಬುದು ಅವರ ಪಾಲಿಗೆ ಬರೀ ಪುಸ್ತಕದ ಪ್ರಶ್ನೆಯಾಗಿರಲು ಸಾಧ್ಯವೇ ಇರಲಿಲ್ಲ.

ಅಮೆರಿಕ ಸೇರಿದ ಮೇಲೆ, ಅಯೋವಾದಲ್ಲಿ ಅವರು ರೊನಾಲ್ಡ್ ಲಿಪಿಟ್, ರಾಲ್ಫ್ ವೈಟ್ ಎಂಬ ಕಿರಿಯರೊಂದಿಗೆ ಹತ್ತು ವರ್ಷದ ಆಸುಪಾಸಿನ ಹುಡುಗರ ಕ್ಲಬ್ಬುಗಳನ್ನು ಕಟ್ಟಿ ಒಂದು ಪ್ರಯೋಗ ಮಾಡಿದರು. ಹುಡುಗರು ಮುಖವಾಡ ಮಾಡುವುದು ಮುಂತಾದ ಕೈಕೆಲಸದಲ್ಲಿ ತೊಡಗುವರು. ಒಂದು ಬಗೆಯ ಮುಖಂಡ ಎಲ್ಲವನ್ನೂ ತಾನೇ ಅಪ್ಪಣೆ ಮಾಡುವನು, ಇನ್ನೊಂದು ಬಗೆಯವನು ಹುಡುಗರೊಂದಿಗೆ ಕೂಡಿ ತೀರ್ಮಾನಿಸುವನು. ಪ್ರಯೋಗದಲ್ಲಿ ಮೊದಲು ಇದ್ದದ್ದು ಈ ಎರಡೇ ಬಗೆ. ಆದರೆ ಎರಡನೆಯ ಬಗೆಯ ಮುಖಂಡರಾಗಬೇಕಿದ್ದ ವೈಟ್ ಎಡವಿದರು. ಪ್ರಜಾಪ್ರಭುತ್ವ ಎಂದರೆ ಹುಡುಗರನ್ನು ಅವರ ಪಾಡಿಗೆ ಬಿಡುವುದು ಎಂದುಕೊಂಡು ಕೈಕಟ್ಟಿ ನಿಂತರು. ಕ್ಲಬ್ಬು ಸಂತೆಯಾಯಿತು. ಲೆವಿನ್ ಬೈಯುವ ಬದಲು, ಇದು ಮೂರನೆಯ ಬಗೆ ಎಂದು ಅದನ್ನೂ ಪ್ರಯೋಗಕ್ಕೆ ಸೇರಿಸಿಕೊಂಡರು. 1939ರಲ್ಲಿ ಪ್ರಕಟವಾದ ಆ ಅಧ್ಯಯನ ಈಗ ಪಠ್ಯಪುಸ್ತಕಗಳಲ್ಲಿದೆ. ಅಪ್ಪಣೆಯ ಮುಖಂಡ ಕೋಣೆಯಿಂದ ಹೊರಗೆ ಹೋದೊಡನೆ ಅವನ ಹುಡುಗರ ಕೆಲಸ ಕುಸಿಯುತ್ತಿತ್ತು. ಕೂಡಿ ತೀರ್ಮಾನಿಸಿದ ಗುಂಪು ಮುಖಂಡ ಇದ್ದರೂ ಇಲ್ಲದಿದ್ದರೂ ಕೆಲಸ ಮುಂದುವರಿಸುತ್ತಿತ್ತು. ಹೇಳದೆ ಇರುವುದು ಬೇರೆ, ಬಿಟ್ಟುಬಿಡುವುದು ಬೇರೆ ಎಂಬ ಈ ವ್ಯತ್ಯಾಸ ಮುಂದಿನ ಕಥೆಯುದ್ದಕ್ಕೂ ಬರುತ್ತದೆ.

ಯುದ್ಧ ಶುರುವಾದ ಮೇಲೆ ಇನ್ನೊಂದು ಕೆಲಸ ಬಂತು. ಒಳ್ಳೆಯ ಮಾಂಸವೆಲ್ಲ ಸೈನ್ಯಕ್ಕೆ ಹೋಗುತ್ತಿತ್ತು. ಗುಂಡಿಗೆ, ಕಿಡ್ನಿ ಇತ್ಯಾದಿಯನ್ನು ಮನೆಯಲ್ಲಿ ಬೇಯಿಸಿರೆಂದರೆ ಅಮೆರಿಕದ ಗೃಹಿಣಿಯರು ಮೂಗು ಮುರಿಯುತ್ತಿದ್ದರು. ಬೋಟಿ ಗೊಜ್ಜನ್ನು ಚಪ್ಪರಿಸುವ ನಮ್ಮವರಿಗೆ ಇದು ವಿಚಿತ್ರವಾಗಿ ಕಾಣಬಹುದು. ಲೆವಿನ್ ರೆಡ್ ಕ್ರಾಸ್ ಹೆಂಗಸರ ಆರು ಗುಂಪುಗಳನ್ನು ಆಯ್ದರು. ಮೂರು ಗುಂಪಿಗೆ ಭರ್ಜರಿ ಉಪನ್ಯಾಸ: ಪೌಷ್ಟಿಕಾಂಶದ ಪಟ್ಟಿ, ದೇಶಸೇವೆಯ ಕರೆ, ಅಡುಗೆಯ ವಿಧಾನ. ಉಳಿದ ಮೂರು ಗುಂಪಿನಲ್ಲಿ ವಿಷಯವನ್ನು ಮುಂದಿಟ್ಟು, ನಿಮ್ಮಂಥ ಗೃಹಿಣಿಯರಿಗೆ ಇದು ಯಾಕೆ ಕಷ್ಟ ಎಂದು ಅವರವರೇ ಮಾತಾಡಲು ಬಿಟ್ಟು, ಕೊನೆಗೆ ಯಾರು ಯಾರು ಬೇಯಿಸಿ ನೋಡುತ್ತೀರಿ ಎಂದು ಕೈ ಎತ್ತಿಸಿದರು. ಆಮೇಲೆ ವಿಚಾರಿಸಿದಾಗ, ಉಪನ್ಯಾಸ ಕೇಳಿದವರಲ್ಲಿ ಹೊಸ ಮಾಂಸವನ್ನು ಬಡಿಸಿದವರು ಶೇ 3. ಕೂತು ಮಾತಾಡಿದವರಲ್ಲಿ ಶೇ 32. ನಮ್ಮ ಇಲಾಖೆಗಳು ಈಗಲೂ ನಡೆಸುವ 'ಅರಿವು ಕಾರ್ಯಕ್ರಮ'ಗಳ ಬ್ಯಾನರಿನ ಕೆಳಗೆ ಈ ಎರಡು ಅಂಕಿಗಳನ್ನು ಬರೆಸಿ ಹಾಕಬೇಕು.

ನ್ಯೂ ಬ್ರಿಟನ್ ಶಿಬಿರದ ಬೆನ್ನಿಗೇ ಲೆವಿನ್ ಮತ್ತು ಸಂಗಡಿಗರು ಮುಂದಿನ ಬೇಸಿಗೆಗೆ ಒಂದು ಪ್ರಯೋಗಶಾಲೆಯನ್ನು ಯೋಜಿಸಿದರು. ಮೇನ್ ರಾಜ್ಯದ ಬೆಥೆಲ್ ಎಂಬ ಸಣ್ಣ ಊರು, ಗೂಲ್ಡ್ ಅಕಾಡೆಮಿ ಎಂಬ ಶಾಲೆ. ಮನೆ, ಕಚೇರಿ, ಬಿರುದು ಬಾವಲಿಗಳಿಂದ ದೂರವಿದ್ದರೆ ಮನುಷ್ಯನಿಗೆ ತನ್ನ ಅಭ್ಯಾಸಗಳು ಕಾಣುತ್ತವೆ ಎಂಬ ಲೆಕ್ಕಾಚಾರ. ಅದು ನಡೆಯುವುದನ್ನು ಲೆವಿನ್ ನೋಡಲಿಲ್ಲ. 1947ರ ಫೆಬ್ರವರಿ 12ರಂದು, 56ನೇ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಲಿಪಿಟ್, ಲೆಲಂಡ್ ಬ್ರಾಡ್‌ಫರ್ಡ್, ಕೆನೆತ್ ಬೆನ್ ಎಂಬ ಮೂವರು ಬೆಥೆಲ್‌ನ ಕೆಲಸವನ್ನು ಮುಂದುವರಿಸಿದರು. 'ಟಿ-ಗ್ರೂಪ್', ಅಂದರೆ ತರಬೇತಿ ಗುಂಪು, ಎಂಬ ಹೆಸರು ಅಲ್ಲಿಂದ ಲೋಕಕ್ಕೆ ಹಬ್ಬಿತು.

ಟಿ-ಗ್ರೂಪಿನ ಮೊದಲ ಗಂಟೆ ವಿಚಿತ್ರ. ಹತ್ತು ಹದಿನೈದು ಅಪರಿಚಿತರು ಸುತ್ತ ಕೂರುತ್ತಾರೆ. ತರಬೇತುದಾರ ಎನ್ನಿಸಿಕೊಂಡವರು ಎರಡು ಮಾತು ಹೇಳಿ ಸುಮ್ಮನಾಗುತ್ತಾರೆ. ವಿಷಯಪಟ್ಟಿ ಇಲ್ಲ, ಅಧ್ಯಕ್ಷರಿಲ್ಲ, ಸ್ವಾಗತ ಭಾಷಣ ಇಲ್ಲ, ಹೂಗುಚ್ಛವಂತೂ ಇಲ್ಲವೇ ಇಲ್ಲ. ಮೌನ. ಯಾರೋ ಕೆಮ್ಮುತ್ತಾರೆ. ಒಬ್ಬರು ಎಲ್ಲರೂ ಪರಿಚಯ ಹೇಳಿಕೊಳ್ಳೋಣ ಎನ್ನುತ್ತಾರೆ. ಇನ್ನೊಬ್ಬರಿಗೆ ಇವರೇಕೆ ಯಜಮಾನಿಕೆ ಮಾಡುತ್ತಾರೆ ಎಂದು ಸಿಟ್ಟು. ಮೂರನೆಯವರು ಸಿಟ್ಟಾದವರನ್ನು ಸಮಾಧಾನ ಮಾಡುತ್ತಾರೆ, ಮನೆಯಲ್ಲೂ ಅವರದು ಅದೇ ಕೆಲಸ. ಒಬ್ಬರು ಎರಡು ದಿನ ಬಾಯಿ ಬಿಡುವುದಿಲ್ಲ. ನಿಧಾನಕ್ಕೆ ಮಾತು ಹೊರಗಿನ ಲೋಕವನ್ನು ಬಿಟ್ಟು, ಈ ಕೋಣೆಯಲ್ಲಿ ಈಗ ಏನಾಗುತ್ತಿದೆ ಎಂಬಲ್ಲಿಗೆ ತಿರುಗುತ್ತದೆ. ನೀವು ನಗುತ್ತ ಮಾತಾಡಿದಿರಿ, ಆದರೆ ನನಗೆ ಅದು ಚುಚ್ಚಿತು ಎಂದು ಯಾರೋ ಹೇಳುತ್ತಾರೆ. ಹೇಳಿಸಿಕೊಂಡವರಿಗೆ ಅಂಥ ಮಾತನ್ನು ನಲವತ್ತು ವರ್ಷಗಳಲ್ಲಿ ಯಾರೂ ಹೇಳಿರುವುದಿಲ್ಲ; ಬೆನ್ನ ಹಿಂದೆ ಹೇಳಿರುತ್ತಾರೆ, ಅಷ್ಟೆ.

ತನ್ನ ಬೆನ್ನು ತನಗೆ ಕಾಣದು ಎಂಬ ನಮ್ಮ ಮಾತನ್ನು 1955ರಲ್ಲಿ ಜೋಸೆಫ್ ಲುಫ್ಟ್, ಹ್ಯಾರಿ ಇಂಗಮ್ ಎಂಬ ಇಬ್ಬರು ನಾಲ್ಕು ಮನೆಗಳ ಚೌಕವಾಗಿ ಬರೆದರು. ನನಗೂ ಇತರರಿಗೂ ಗೊತ್ತಿರುವುದು, ನನಗೆ ಮಾತ್ರ ಗೊತ್ತಿರುವುದು, ಇತರರಿಗೆ ಮಾತ್ರ ಗೊತ್ತಿರುವುದು, ಯಾರಿಗೂ ಗೊತ್ತಿಲ್ಲದ್ದು. ಜೋ ಮತ್ತು ಹ್ಯಾರಿ ಸೇರಿ 'ಜೋಹರಿ ಕಿಟಕಿ'. ಹೆಸರು ಕೇಳಿ ಜೈಪುರದ ಒಡವೆ ಬಜಾರನ್ನು ನೆನೆದರೆ ತಪ್ಪಿಲ್ಲ, ಆದರೆ ಸಂಬಂಧವೂ ಇಲ್ಲ. ಇಂದು ಬೆಂಗಳೂರಿನ ಕಂಪನಿಗಳ ತರಬೇತಿ ಕೋಣೆಗಳಲ್ಲಿ ಈ ಚೌಕವನ್ನು ನೋಡದವರು ಕಡಿಮೆ. ಚೌಕವನ್ನು ಪರದೆಯ ಮೇಲೆ ತೋರಿಸಿ, ಊಟಕ್ಕೆ ಬಿಟ್ಟು, ಪ್ರಮಾಣಪತ್ರ ಕೊಟ್ಟು ಕಳಿಸುವುದೂ ಸಾಮಾನ್ಯವಾಗಿದೆ. ಮೂರನೆಯ ಮನೆಯ ಬಾಗಿಲು ತೆರೆಯಲು ಪರದೆಯಿಂದ ಆಗದು, ಎದುರಿಗೆ ಕೂತ ಮನುಷ್ಯ ಬಾಯಿ ಬಿಡಬೇಕು.

ಬೆಥೆಲ್ ಶುರುವಾದ ಕಾಲಕ್ಕೇ ಇಂಗ್ಲೆಂಡಿನಲ್ಲಿ ಇನ್ನೊಬ್ಬ ಮೌನಿ ಇದ್ದರು. ವಿಲ್ಫ್ರೆಡ್ ಬಯಾನ್ ಹುಟ್ಟಿದ್ದು 1897ರಲ್ಲಿ, ನಮ್ಮ ಮಥುರಾದಲ್ಲಿ. ಎಂಟನೇ ವಯಸ್ಸಿಗೆ ಓದಿಗೆಂದು ಇಂಗ್ಲೆಂಡಿಗೆ ಕಳಿಸಿದರು. ಮೊದಲ ಮಹಾಯುದ್ಧದಲ್ಲಿ ಟ್ಯಾಂಕು ನಡೆಸಿ ಶೌರ್ಯ ಪದಕ ಪಡೆದು, ಆಮೇಲೆ ಮನೋವೈದ್ಯರಾದರು. ಎರಡನೆಯ ಯುದ್ಧದಲ್ಲಿ ಬರ್ಮಿಂಗ್‌ಹ್ಯಾಮ್ ಬಳಿಯ ನಾರ್ತ್‌ಫೀಲ್ಡ್ ಮಿಲಿಟರಿ ಆಸ್ಪತ್ರೆಯಲ್ಲಿ, ಮನಸ್ಸು ಕುಸಿದ ಸೈನಿಕರ ವಾರ್ಡನ್ನು ಅವರಿಗೆ ಒಪ್ಪಿಸಲಾಯಿತು. ಬಯಾನ್ ಒಬ್ಬೊಬ್ಬರನ್ನೇ ಕೂರಿಸಿ ಮದ್ದು ಹೇಳುವ ಬದಲು, ಪ್ರತಿಯೊಬ್ಬನೂ ಯಾವುದಾದರೊಂದು ಕೆಲಸದ ಗುಂಪಿಗೆ ಸೇರಬೇಕೆಂದರು. ದಿನಕ್ಕೆ ಅರ್ಧ ಗಂಟೆ ಎಲ್ಲರೂ ಸೇರಿ ವಾರ್ಡಿನ ಸ್ಥಿತಿಯನ್ನು ತಾವೇ ನೋಡಬೇಕು, ತಾವೇ ಮಾತಾಡಬೇಕು. ವಾರ್ಡು ಕೊಳಕಾಗಿದೆ ಎಂದು ದೂರು ಬಂದರೆ, ಹಾಗಿದ್ದರೆ ಏನು ಮಾಡೋಣ ಎಂಬ ಪ್ರಶ್ನೆ ಅವರ ಮಡಿಲಿಗೇ. ಸೈನ್ಯದ ಅಧಿಕಾರಿಗಳಿಗೆ ಈ ಗಲಿಬಿಲಿ ಹಿಡಿಸಲಿಲ್ಲ. ಆರು ವಾರಗಳಲ್ಲಿ ಪ್ರಯೋಗ ನಿಂತಿತು.

1948ರಲ್ಲಿ ಲಂಡನ್ನಿನ ಟಾವಿಸ್ಟಾಕ್ ಕ್ಲಿನಿಕ್ ಅವರಿಗೆ ಗುಂಪುಗಳನ್ನು ವಹಿಸಿಕೊಟ್ಟಿತು. ಬಂದವರು ಬಯಾನ್ ಏನಾದರೂ ಹೇಳುತ್ತಾರೆಂದು ಕಾದರು. ಬಯಾನ್ ಹೇಳಲಿಲ್ಲ. ಕಾದವರಿಗೆ ಮೊದಲು ಮುಜುಗರ, ಆಮೇಲೆ ಸಿಟ್ಟು. ತಮ್ಮ ಮೇಲೆ ಜನ ಹೊರಿಸಿದ ನಿರೀಕ್ಷೆಯನ್ನೇ ಬಯಾನ್ ತಣ್ಣಗೆ ಅವರ ಮುಂದೆ ಎತ್ತಿ ತೋರಿಸುವರು. ಹೀಗೆ ನೋಡಿ ನೋಡಿ ಅವರು ಕಂಡುಕೊಂಡ ಸಂಗತಿಯನ್ನು 1961ರಲ್ಲಿ ಪುಸ್ತಕವಾಗಿ ತಂದರು. ಗುಂಪು ಮೇಲ್ನೋಟಕ್ಕೆ ಕೆಲಸ ಮಾಡಲು ಕೂತಿದ್ದರೂ ಒಳಗೊಳಗೇ ಮೂರರಲ್ಲಿ ಒಂದು ಆಟ ಆಡುತ್ತಿರುತ್ತದೆ. ಒಂದು, ಯಾರೋ ಮಹಾತ್ಮ ನಮ್ಮನ್ನು ನೋಡಿಕೊಳ್ಳುತ್ತಾನೆ ಎಂದು ಜೋತುಬೀಳುವುದು. ಇನ್ನೊಂದು, ಒಬ್ಬ ಶತ್ರುವನ್ನು ಹುಡುಕಿ ಜಗಳಕ್ಕೆ ನಿಲ್ಲುವುದು ಅಥವಾ ಓಡುವುದು. ಮೂರನೆಯದು, ಇಬ್ಬರು ಮಾತಾಡುತ್ತಿರಲು ಉಳಿದವರು ಅವರಿಂದ ಏನೋ ಉದ್ಧಾರವಾದೀತೆಂದು ಬಾಯಿ ಬಿಟ್ಟು ಕೂರುವುದು. ಅಪಾರ್ಟ್‌ಮೆಂಟಿನ ಸಂಘದ ವಾರ್ಷಿಕ ಸಭೆಗೆ ಒಮ್ಮೆ ಹೋದವರಿಗೆ ಈ ಮೂರಕ್ಕೂ ಉದಾಹರಣೆ ಬೇಕಾಗದು. ನೀರಿನ ಟ್ಯಾಂಕರಿನ ಬಾಬತ್ತು ಚರ್ಚೆಗೆ ಬಂದು, ಕಾರ್ಯದರ್ಶಿಯನ್ನು ಕಿತ್ತುಹಾಕುವಲ್ಲಿಗೆ ಮುಗಿದಿರುತ್ತದೆ. ಟ್ಯಾಂಕರು ಹಾಗೆಯೇ ನಿಂತಿರುತ್ತದೆ.

ಅರವತ್ತರ ದಶಕ ಬಂತು. ಬೆಥೆಲ್‌ನ ತಂಪು ಹವೆಯಲ್ಲಿ ಹುಟ್ಟಿದ ಸಸಿಯನ್ನು ಕ್ಯಾಲಿಫೋರ್ನಿಯಾದ ಬಿಸಿಲು ಬೇರೆಯೇ ಗಿಡ ಮಾಡಿತು. 1962ರಲ್ಲಿ ಮೈಕೆಲ್ ಮರ್ಫಿ, ರಿಚರ್ಡ್ ಪ್ರೈಸ್ ಎಂಬ ಇಬ್ಬರು ತರುಣರು ಬಿಗ್ ಸುರ್ ಎಂಬಲ್ಲಿ, ಸಮುದ್ರದ ಮೇಲಿನ ಕಡಿದಾದ ದಂಡೆಯಲ್ಲಿ, ಬಿಸಿನೀರಿನ ಬುಗ್ಗೆಗಳ ಮಗ್ಗುಲಲ್ಲಿ ಇಸಲೆನ್ ಸಂಸ್ಥೆ ತೆರೆದರು. ಅದಕ್ಕೆ ಮುಂಚೆ ಮರ್ಫಿ ಪಾಂಡಿಚೇರಿಯ ಅರವಿಂದಾಶ್ರಮದಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಇದ್ದು ಬಂದಿದ್ದರು. ಮನುಷ್ಯನ ಪ್ರಜ್ಞೆ ಇನ್ನೂ ವಿಕಾಸವಾಗಲಿದೆ ಎಂಬ ಅರವಿಂದರ ಮಾತು ಅವರ ತಲೆಯಲ್ಲಿತ್ತು. ಲೆವಿನ್ ಕೇಳಿದ್ದು ಗುಂಪು ಹೇಗೆ ಬದಲಾಗುತ್ತದೆ ಎಂದು. ಇಸಲೆನ್ ಕೇಳಿದ್ದು ಗುಂಪಿನ ನೆರವಿನಿಂದ ಒಬ್ಬೊಬ್ಬನ ಪ್ರಜ್ಞೆ ಎಷ್ಟು ಎತ್ತರ ಹೋದೀತು ಎಂದು. ಪ್ರಶ್ನೆ ಬದಲಾದೊಡನೆ ನಡೆಸುವವನ ಪಾತ್ರವೂ ಬದಲಾಯಿತು. ಅಲ್ಲಿ ನೆಲೆಸಿದ್ದ ಮನೋಚಿಕಿತ್ಸಕ ಫ್ರಿಟ್ಸ್ ಪರ್ಲ್ಸ್ ಒಬ್ಬರನ್ನು 'ಬಿಸಿ ಕುರ್ಚಿ'ಯ ಮೇಲೆ ಕೂರಿಸಿ ಎಲ್ಲರೆದುರು ಅವರ ಸೋಗುಗಳನ್ನು ಕಳಚುತ್ತಿದ್ದರು. ಗುಂಪು ಪ್ರೇಕ್ಷಕವರ್ಗವಾಯಿತು. ಸುಮ್ಮನೆ ಕೂರುತ್ತಿದ್ದವನ ಜಾಗಕ್ಕೆ ಮಾಂತ್ರಿಕ ಬಂದಿದ್ದ.

ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಈ ಮಾತಿಗೆ ಹೊರತು. ಅವರ ಎನ್‌ಕೌಂಟರ್, ಅಂದರೆ ಮುಖಾಮುಖಿ, ಗುಂಪುಗಳಲ್ಲಿ ನಡೆಸುವವರು ಮಾಡುತ್ತಿದ್ದುದು ಹೆಚ್ಚುಕಡಿಮೆ ಒಂದೇ ಕೆಲಸ: ಕೇಳಿಸಿಕೊಳ್ಳುವುದು. ಕೇಳಿಸಿಕೊಂಡದ್ದು ಎದುರಿನವರಿಗೆ ಗೊತ್ತಾಗುವಂತೆ ಕೇಳಿಸಿಕೊಳ್ಳುವುದು. ಸಾಧು ಕೆಲಸ, ನಾಟಕವಿಲ್ಲ. ಅದಕ್ಕೇ ಪತ್ರಿಕೆಗಳಿಗೆ ರೋಜರ್ಸ್‌ಗಿಂತ ಇಸಲೆನ್ನಿನ ಬುಗ್ಗೆಗಳೇ ಹೆಚ್ಚು ಹಿಡಿಸಿದವು.

ಇಷ್ಟೆಲ್ಲದರಿಂದ ಮನುಷ್ಯರಿಗೆ ನಿಜಕ್ಕೂ ಒಳ್ಳೆಯದಾಯಿತೇ? ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮಾರ್ಟನ್ ಲೀಬರ್‌ಮನ್, ಇರ್ವಿನ್ ಯಾಲೊಮ್, ಮ್ಯಾಥ್ಯೂ ಮೈಲ್ಸ್ ಎಂಬ ಮೂವರು ಇದನ್ನು ಅಳೆಯಲು ಹೊರಟರು. ಸುಮಾರು ಇನ್ನೂರು ವಿದ್ಯಾರ್ಥಿಗಳು, ಹಲವು ಪಂಥಗಳ ಹೆಸರಾಂತ ಮುಖಂಡರು, ಮುಗಿದ ಮೇಲೆ ತಿಂಗಳುಗಟ್ಟಲೆ ವಿಚಾರಣೆ. 1973ರಲ್ಲಿ ಪುಸ್ತಕ ಬಂತು. ಮೂರರಲ್ಲಿ ಒಂದು ಪಾಲಿನವರಿಗೆ ಪ್ರಯೋಜನವಾಗಿತ್ತು. ನೂರಕ್ಕೆ ಎಂಟು ಒಂಬತ್ತು ಮಂದಿಗೆ ಮಾನಸಿಕವಾಗಿ ಪೆಟ್ಟಾಗಿ, ಅದು ಬಹುಕಾಲ ಉಳಿದಿತ್ತು. ಪಂಥ ಯಾವುದು ಎಂಬುದರಿಂದ ಏನೂ ತಿಳಿಯುತ್ತಿರಲಿಲ್ಲ; ಒಂದೇ ಪಂಥದ ಇಬ್ಬರು ಮುಖಂಡರ ಫಲಿತಾಂಶ ಅಜಗಜಾಂತರ. ಹೆಚ್ಚು ಗಾಯ ಮಾಡಿದವರು ವರ್ಚಸ್ಸುಳ್ಳ, ಕೆಣಕುವ, ಒಳಗಿರುವುದನ್ನು ಈಗಲೇ ಹೊರಹಾಕು ಎಂದು ಒತ್ತಾಯಿಸುವ ಮುಖಂಡರು. ಕಾಳಜಿ ತೋರಿಸಿ, ನಡೆದದ್ದರ ಅರ್ಥ ಬಿಡಿಸಿ ಹೇಳಿದವರ ಗುಂಪುಗಳು ಸುಧಾರಿಸಿದವು.

ಆ ಅಧ್ಯಯನದಲ್ಲಿ ಇನ್ನೂ ಎರಡು ಸಂಗತಿಗಳಿವೆ. ಪೆಟ್ಟು ತಿಂದವರು ಯಾರು ಎಂಬುದು ಮುಖಂಡರಿಗೆ ಬಹುಮಟ್ಟಿಗೆ ಗೊತ್ತೇ ಆಗಿರಲಿಲ್ಲ. ಸರಿಯಾಗಿ ಗುರುತಿಸಿದವರು ಜೊತೆಗೆ ಕೂತಿದ್ದ ಸಾಮಾನ್ಯ ಸದಸ್ಯರು. ಎರಡನೆಯದು, ಒಂದೆರಡು ಗುಂಪುಗಳಿಗೆ ಮುಖಂಡರನ್ನೇ ಕೊಟ್ಟಿರಲಿಲ್ಲ. ಸೂಚನೆಗಳನ್ನು ಧ್ವನಿಮುದ್ರಿಸಿದ ಟೇಪ್ ರೆಕಾರ್ಡರ್ ಇಟ್ಟಿದ್ದರು. ಆ ಗುಂಪುಗಳು ಹಲವು ಖ್ಯಾತನಾಮರ ಗುಂಪುಗಳಿಗಿಂತ ಚೆನ್ನಾಗಿಯೇ ನಡೆದವು. ಮೂರು ದಿನದ ಶಿಬಿರಕ್ಕೆ ಹತ್ತಾರು ಸಾವಿರ ಶುಲ್ಕ ಕೇಳಿ ನಿಮ್ಮ ಚೇತನವನ್ನು ಎಚ್ಚರಿಸುತ್ತೇನೆ ಎನ್ನುವ ಇಂದಿನ ಗುರುಗಳ ಜಾಹೀರಾತು ನೋಡಿದಾಗ ಆ ಟೇಪ್ ರೆಕಾರ್ಡರ್ ನೆನಪಾಗಬೇಕು.

ಬಡವರ ನಡುವೆ ಈ ವಿದ್ಯೆ ಬೇರೆ ದಾರಿ ಹಿಡಿಯಿತು. ಈಶಾನ್ಯ ಬ್ರೆಜಿಲಿನ ಅಂಜಿಕೋಸ್ ಎಂಬ ಒಣನೆಲದ ಊರಿನಲ್ಲಿ, 1963ರಲ್ಲಿ, ಶಿಕ್ಷಣತಜ್ಞ ಪಾಉಲೊ ಫ್ರೇರೆ ಸುಮಾರು 300 ಮಂದಿ ಕೂಲಿಕಾರರಿಗೆ 40 ಗಂಟೆಗಳಲ್ಲಿ ಓದು ಬರಹ ಕಲಿಸುವ ಪ್ರಯೋಗ ನಡೆಸಿದರು. ತರಗತಿಯನ್ನು ಅವರು 'ಸಂಸ್ಕೃತಿಯ ಸುತ್ತು' ಎಂದರು, ಮೇಷ್ಟ್ರನ್ನು ಸಂಯೋಜಕ ಎಂದರು. ಪಾಠಕ್ಕೆ ಮೊದಲು ಆ ಜನರ ಬಾಯಲ್ಲಿ ಓಡಾಡುವ ಪದಗಳನ್ನು ಆರಿಸುತ್ತಿದ್ದರು. ಉದಾಹರಣೆಗೆ 'ತಿಜೋಲೊ', ಅಂದರೆ ಇಟ್ಟಿಗೆ. ಇಟ್ಟಿಗೆ ಹೊರುವವರ ಚಿತ್ರ ತೋರಿಸಿ, ಇಟ್ಟಿಗೆ ಮಾಡುವವರಾರು, ಮನೆಯಲ್ಲಿ ಇರುವವರಾರು ಎಂದು ಮಾತು. ಮಾತು ಕುದಿಗೆ ಬಂದ ಮೇಲೆ ಪದವನ್ನು ಒಡೆದು ತ, ತೆ, ತಿ, ತೊ, ತು. ಜ, ಜೆ, ಜಿ, ಜೊ, ಜು. ಲ, ಲೆ, ಲಿ, ಲೊ, ಲು. ನಮ್ಮ ಕಾಗುಣಿತವೇ! ಆ ಚೂರುಗಳನ್ನು ಕೂಡಿಸಿ ಕೂಲಿಕಾರರು ತಾವೇ 'ಲೂತಾ' ಎಂದು ಬರೆದರು. ಅದರ ಅರ್ಥ ಹೋರಾಟ. ಅಧ್ಯಕ್ಷ ಜೊವಾವ್ ಗೂಲಾರ್ಟ್ ಕೊನೆಯ ತರಗತಿಗೆ ಖುದ್ದಾಗಿ ಬಂದಿದ್ದರು. ಆಗ ಬ್ರೆಜಿಲಿನಲ್ಲಿ ಅಕ್ಷರ ಬಾರದವರಿಗೆ ಮತದ ಹಕ್ಕು ಇರಲಿಲ್ಲ ಎಂಬುದನ್ನು ನೆನೆದರೆ ಈ ಕಾಗುಣಿತದ ಕಾವು ತಿಳಿಯುತ್ತದೆ. ಮರುವರ್ಷ ಸೈನ್ಯ ಅಧಿಕಾರ ಕಿತ್ತುಕೊಂಡಿತು. ಫ್ರೇರೆ ಎಪ್ಪತ್ತು ದಿನ ಸೆರೆಮನೆಯಲ್ಲಿದ್ದು, ಆಮೇಲೆ ದೇಶ ಬಿಟ್ಟರು.

ಫ್ರೇರೆಯ ಮಟ್ಟಿಗೆ ಅರಿವು ಎಂದರೆ ಸಮುದ್ರದಂಡೆಯ ಧ್ಯಾನದಲ್ಲಿ ಸಿಗುವಂಥದಲ್ಲ. ನನ್ನ ಬಡತನ ಹಣೆಬರಹವಲ್ಲ, ಅದಕ್ಕೆ ಕಾರಣಗಳಿವೆ ಎಂದು ನಾಲ್ಕು ಜನರ ನಡುವೆ ಕೂತು ಕಂಡುಕೊಳ್ಳುವುದು ಅವರ ಅರ್ಥದ ಅರಿವು. ಇಸಲೆನ್ನಿನದಕ್ಕಿಂತ ಇದು ಹೆಚ್ಚು ಕಾಲ ಬಾಳುವ ಅರ್ಥ ಎಂದು ಈ ಲೇಖನದ ಪಕ್ಷ.

ಕರ್ನಾಟಕಕ್ಕೆ ಈ ಗಾಳಿ ಬೀಸಿದ್ದು ಎರಡು ಸಲ. ಮೊದಲ ಸಲ ಐವತ್ತರ ದಶಕದ ಕೊನೆಗೆ, ಮೈಸೂರಿನಲ್ಲಿದ್ದ 'ಆಲೋಕ' ಎಂಬ ತರಬೇತಿ ಕೇಂದ್ರದಲ್ಲಿ. ಏಷ್ಯಾ, ಆಫ್ರಿಕಾದ ಯುವ ಮುಂದಾಳುಗಳು ಅಲ್ಲಿ ಬಂದು ಒಟ್ಟಿಗೆ ಇದ್ದು ಕಲಿಯುತ್ತಿದ್ದರು. ಅದನ್ನು ನಡೆಸಿದ ರೋಲ್ಫ್ ಲಿಂಟನ್ 1960ರಲ್ಲಿ ಆ ಅನುಭವವನ್ನು ಪುಸ್ತಕ ಮಾಡಿದರು. ಆಮೇಲೆ ಮನಶ್ಶಾಸ್ತ್ರಜ್ಞ ಉದಯ್ ಪಾರೀಕ್ ಜೊತೆ ಸೇರಿ 1967ರಲ್ಲಿ ಅವರು ಬರೆದ ಇನ್ನೊಂದು ಪುಸ್ತಕ ಅಭಿವೃದ್ಧಿ ಕೆಲಸದ ತರಬೇತುದಾರರಿಗೆ ಕೈಪಿಡಿಯಾಯಿತು.

ಎರಡನೆಯ ಸಲದ್ದು ಹಳ್ಳಿಗಳಲ್ಲಿ, ಅದೂ ಒಂದು ಸೋಲಿನಿಂದ. ಟಿಬೆಟ್ ನಿರಾಶ್ರಿತರ ಪುನರ್ವಸತಿಗೆಂದು 1968ರಲ್ಲಿ ಹುಟ್ಟಿದ ಮೈರಾಡ ಸಂಸ್ಥೆ ಎಂಬತ್ತರ ದಶಕದ ಹೊತ್ತಿಗೆ ಹಳ್ಳಿಗಳಲ್ಲಿ ದೊಡ್ಡ ಸಹಕಾರ ಸಂಘಗಳನ್ನು ಕಟ್ಟಿಸಿತ್ತು. 1984-85ರಲ್ಲಿ ಅವು ಒಂದೊಂದೇ ಒಡೆದವು. ಬಲಾಢ್ಯರು ಸಂಘವನ್ನು ನುಂಗಿದ್ದರು. ಆಗ ಕೆಲವರು ಸಣ್ಣ ಸಣ್ಣ ಗುಂಪಾಗಿ ಮೈರಾಡದವರ ಬಳಿ ಬಂದರು: ಸಾಲ ತೀರಿಸುತ್ತೇವೆ, ಆದರೆ ಆ ಸಂಘಕ್ಕಲ್ಲ. ಹಾಗಿದ್ದರೆ ನಿಮ್ಮ ಗುಂಪಿಗೇ ಕಟ್ಟಿಕೊಳ್ಳಿ ಎಂದಾಯಿತು. ಆ ಗುಂಪುಗಳಲ್ಲಿದ್ದವರು ಒಬ್ಬರನ್ನೊಬ್ಬರು ಮೊದಲೇ ಬಲ್ಲವರು, ಕಷ್ಟಕ್ಕೆ ಸೇರು ರಾಗಿ ಕೊಟ್ಟು ತೆಗೆದುಕೊಂಡವರು. ಸಂಸ್ಥೆಯ ಮುಖ್ಯಸ್ಥರಾಗಿದ್ದ ಅಲೋಶಿಯಸ್ ಫರ್ನಾಂಡಿಸ್ ಈ ಬಾಂಧವ್ಯವೇ ಬಂಡವಾಳ ಎಂದು ಗುರುತಿಸಿದರು. 1987ರಲ್ಲಿ ನಬಾರ್ಡ್ ಈ ಪ್ರಯೋಗಕ್ಕೆ 10 ಲಕ್ಷ ರೂಪಾಯಿ ಕೊಟ್ಟಿತು. 1992ರಲ್ಲಿ ಸ್ವಸಹಾಯ ಗುಂಪುಗಳಿಗೆ ಬ್ಯಾಂಕು ಸಾಲ ಕೊಡುವ ರಾಷ್ಟ್ರೀಯ ಯೋಜನೆ 500 ಗುಂಪುಗಳಿಂದ ಶುರುವಾಯಿತು. ಇಂದು ದೇಶದ ತುಂಬ ಇರುವ ಸಂಘಗಳ ಹುಟ್ಟಿನಲ್ಲಿ ಕರ್ನಾಟಕದ ಆ ಮುರಿದ ಸಹಕಾರ ಸಂಘಗಳ ಪಾಲು ದೊಡ್ಡದು.

ಇದೇ ಮೈರಾಡದ ಹಳ್ಳಿಗಳಲ್ಲಿ, ಎಂಬತ್ತರ ದಶಕದ ಕೊನೆಯಿಂದ, ಇನ್ನೊಂದು ನೋಟ ಕಾಣತೊಡಗಿತು. ಊರಿನವರು ರಂಗೋಲಿ ಪುಡಿ, ಕಾಳು, ಎಲೆ, ಕಲ್ಲು ಹಿಡಿದು ನೆಲದ ಮೇಲೆ ತಮ್ಮ ಊರಿನ ನಕ್ಷೆ ಬಿಡಿಸುತ್ತಿದ್ದರು. ಕೆರೆ ಎಲ್ಲಿ, ಯಾರ ಹೊಲಕ್ಕೆ ನೀರು ಹಾಯುತ್ತದೆ, ಯಾವ ಮನೆಯಲ್ಲಿ ಎರಡು ಹೊತ್ತು ಊಟವಿಲ್ಲ. ಬ್ರಿಟಿಷ್ ವಿದ್ವಾಂಸ ರಾಬರ್ಟ್ ಚೇಂಬರ್ಸ್ ಜಗತ್ತಿಗೆ ಪರಿಚಯಿಸಿದ ಸಹಭಾಗಿ ಗ್ರಾಮ ವಿಶ್ಲೇಷಣೆಯ ವಿಧಾನ ಇದು. ಅದರಲ್ಲಿ ನಡೆಸುವವರಿಗೆ ಒಂದು ಪಾಠ ಇದೆ: ಕೋಲನ್ನು ಕೊಟ್ಟುಬಿಡಿ. ನಕ್ಷೆ ತೋರಿಸಲು ಅಧಿಕಾರಿ ಹಿಡಿದಿರುವ ಕೋಲು ಊರಿನವರ ಕೈಗೆ ಹೋದೊಡನೆ ಅಧಿಕಾರಿ ಕೇಳುವವನಾಗುತ್ತಾನೆ, ಊರಿನವರು ಹೇಳುವವರಾಗುತ್ತಾರೆ. ಕಾಗದದ ಮೇಲಿನ ನಕ್ಷೆಯನ್ನು ತಿದ್ದಲು ಸಹಿ ಬಲ್ಲವರು ಬೇಕು. ನೆಲದ ಮೇಲಿನ ರಂಗೋಲಿಯನ್ನು ತಿದ್ದಲು ಅಂಗೈ ಸಾಕು. ಹೆಂಗಸರ ಅಂಗೈಗೆ ಅದು ಹೊಸದೂ ಅಲ್ಲ.

1989ರಲ್ಲಿ ಬಿಜಾಪುರ, ಬೀದರ್, ಮೈಸೂರು ಜಿಲ್ಲೆಗಳಲ್ಲಿ ಮಹಿಳಾ ಸಮಖ್ಯಾ ಎಂಬ ಸರಕಾರಿ ಕಾರ್ಯಕ್ರಮ ಶುರುವಾದಾಗ ಹತ್ತು ಹಳ್ಳಿಗೊಬ್ಬಳಂತೆ 'ಸಹಯೋಗಿನಿ'ಯರು ನಡೆದು ಹೋದರು. ಶ್ರೀಲತಾ ಬಾಟ್ಲಿವಾಲಾ ರಾಜ್ಯದ ಮೊದಲ ನಿರ್ದೇಶಕಿ. ಸಹಯೋಗಿನಿಯರ ಕೈಯಲ್ಲಿ ಸರಕಾರದ ಗುರಿಪಟ್ಟಿ ಇರಲಿಲ್ಲ. ಹಳ್ಳಿಯ ಹೆಂಗಸರು, ಅದರಲ್ಲೂ ಕೂಲಿ ಮಾಡುವ ದಲಿತ ಹೆಂಗಸರು, ಮೊದಲು ಕೇಳುತ್ತಿದ್ದ ಪ್ರಶ್ನೆ ಸಹಜವಾದದ್ದು: ಏನು ಕೊಡುತ್ತೀರಿ? ಏನೂ ಕೊಡುವುದಿಲ್ಲ, ಕೂತು ಮಾತಾಡೋಣ ಎಂಬ ಉತ್ತರ ಕೇಳಿ ಎದ್ದು ಹೋದವರು ಇದ್ದೇ ಇರುತ್ತಾರೆ. ಇದು ಟಿ-ಗ್ರೂಪಿನ ಮೊದಲ ಗಂಟೆಯ ಹಳ್ಳಿಯ ರೂಪ. ಕೂತವರ ಮಾತು ಕುಡಿಯುವ ನೀರಿಗೆ, ಕೂಲಿಗೆ, ಗಂಡನ ಹೊಡೆತಕ್ಕೆ, ಬಾರದ ರೇಷನ್ ಕಾರ್ಡಿಗೆ ಬಂತು. ಹೆಂಗಸರು ಸೇರಿ ಕೂರಲು ಊರಿನಲ್ಲಿ ಜಾಗವೇ ಇಲ್ಲ ಎಂಬುದು ಗೊತ್ತಾದಾಗ ಸಂಘದ ಮನೆಗಳು ಎದ್ದವು. ಅಕ್ಷರ ಕಲಿಯಬೇಕೆಂಬ ಆಸೆ ಅನೇಕ ಕಡೆ ಆಮೇಲೆ ಬಂತು, ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತುವ ಅವಮಾನದಿಂದ.

ನಮ್ಮ ಸುತ್ತೋಲೆಗಳಲ್ಲಿ ಗುಂಪು ನಡೆಸುವವರಿಗೆ ಈಗ ಹೆಸರುಗಳ ಬರವಿಲ್ಲ: ಸುಗಮಕಾರರು, ಅನುಕೂಲಕಾರರು, ಸಂಪನ್ಮೂಲ ವ್ಯಕ್ತಿಗಳು. ಹೆಸರು ಬದಲಾದರೂ ಎಷ್ಟೋ ಕಡೆ ಕೋಲು ಕೈ ಬದಲಾಗಿಲ್ಲ. 2000-01ರಲ್ಲಿ ಶುರುವಾದ ಸ್ತ್ರೀಶಕ್ತಿ ಯೋಜನೆಯ ನಂತರ ಸಂಘಗಳು ಲಕ್ಷ ದಾಟಿದವು. ಸಂಘ ಎಂದರೆ ಉಳಿತಾಯ, ಸಾಲ, ಕಂತು ಎಂಬಲ್ಲಿಗೆ ಬಂದು ನಿಂತಿತು. ಲೆಕ್ಕದ ಪುಸ್ತಕ ತುಂಬಿದ ಮೇಲೆ ಮಾತಿಗೆ ಹೊತ್ತು ಉಳಿಯುವುದಿಲ್ಲ. ಕಂತು ಕಟ್ಟಲಾಗದವಳು ಸಭೆಗೆ ಬರುವುದನ್ನೇ ಬಿಡುತ್ತಾಳೆ. ಅವಳು ಯಾಕೆ ಬಂದಿಲ್ಲ ಎಂಬುದು ಪಕ್ಕದಲ್ಲಿ ಕೂರುತ್ತಿದ್ದವಳಿಗೆ ಗೊತ್ತಿರುತ್ತದೆ, ಮೇಲಿನವರಿಗೆ ಗೊತ್ತಿರುವುದಿಲ್ಲ. ಸ್ಟ್ಯಾನ್‌ಫರ್ಡ್‌ನವರು ಕಂಡದ್ದೂ ಇದನ್ನೇ.

ಮೈರಾಡದ ಹಳೆಯ ಗುಂಪುಗಳಲ್ಲಿ ಒಂದು ಪದ್ಧತಿ ಇತ್ತು. ಅಧ್ಯಕ್ಷೆ, ಕಾರ್ಯದರ್ಶಿ ಎಂಬ ಕಾಯಂ ಹುದ್ದೆಗಳಿಲ್ಲ. ಇಬ್ಬರು ಪ್ರತಿನಿಧಿಗಳು, ಅವರೂ ವರ್ಷಕ್ಕೊಮ್ಮೆ ಬದಲಾಗಬೇಕು. ನಿಮ್ಮ ಮನೆಯಲ್ಲಿ ಅಥವಾ ನಿಮ್ಮ ಮನೆಗೆಲಸಕ್ಕೆ ಬರುವವರಲ್ಲಿ ಸಂಘಕ್ಕೆ ಹೋಗುವವರು ಇದ್ದೇ ಇರುತ್ತಾರೆ. ನಿಮ್ಮ ಸಂಘದ ಅಧ್ಯಕ್ಷೆ ಎಷ್ಟು ವರ್ಷದಿಂದ ಅವರೇ ಇದ್ದಾರೆ, ಕಳೆದ ಸಭೆಯಲ್ಲಿ ಕಂತಿನ ಲೆಕ್ಕ ಬಿಟ್ಟು ಬೇರೆ ಏನು ಮಾತಾಯಿತು ಎಂದು ಒಮ್ಮೆ ಕೇಳಿ ನೋಡಿ.